ಕೆಳಗೆ ನೋಡುವ ಕ್ಯಾಮೆರಾ

ಚಳ್ಳಕೆರೆ ಸೀಮೆಯ ಯಾವುದೇ ಹೊಲಕ್ಕೆ ಅಂಜಿನೇಯನ ಜೀಪು ಬಂತೆಂದರೆ ಹೊಲದವರು ಮೊದಲು ಮಾಡುವ ಕೆಲಸ ಮುಖ ಸಣ್ಣ ಮಾಡಿಕೊಳ್ಳುವುದು. ಅವನದು ಬೋರ್‌ವೆಲ್ಲಿನೊಳಗೆ ಕ್ಯಾಮೆರಾ ಇಳಿಸುವ ಕಸುಬು. ಕೊಳವೆಯ ಬಾಯಿಗೆ ರಾಟೆ ನಿಲ್ಲಿಸಿ, ತಂತಿಯ ತುದಿಗೆ ಕ್ಯಾಮೆರಾ ಕಟ್ಟಿ, ನಾನೂರು ಐನೂರು ಅಡಿ ಇಳಿಸಿ, ಮೋಟಾರು ಎಲ್ಲಿ ಸಿಕ್ಕಿಕೊಂಡಿದೆ, ಕೇಸಿಂಗ್ ಪೈಪು ಎಲ್ಲಿ ಒಡೆದಿದೆ, ತಳದಲ್ಲಿ ನೀರಿದೆಯೋ ಇಲ್ಲವೋ ಎಂದು ಹೇಳುವುದು. ಹದಿನಾರು ವರ್ಷದಲ್ಲಿ ಅವನು ಒಳ್ಳೆಯ ಸುದ್ದಿ ಹೇಳಿದ್ದು ಬೆರಳೆಣಿಕೆಯಷ್ಟು ಸಲ. ಹೇಳುವಾಗ ಅವನ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ, ಅದಕ್ಕೆ ಜನ ಇನ್ನಷ್ಟು ಉರಿದುಕೊಳ್ಳುತ್ತಿದ್ದರು. ಆದರೆ ಒಂದು ದೂರು ಮಾತ್ರ ಯಾವ ನಾಲಿಗೆಯೂ ಹೇಳಿರಲಿಲ್ಲ. ಅಂಜಿನೇಯ ಕಟ್ಟಿದ್ದು ಕಳಚಿ ಬಿತ್ತು ಎಂಬುದು.

ಈ ಹೆಸರೇ ಅವನನ್ನು ವಿಮಾನದ ಬುಡಕ್ಕೆ ಕರೆದುಕೊಂಡು ಹೋಯಿತು.

ಕೊಂಡ್ಲಹಳ್ಳಿ ದಾಟಿದ ಮೇಲೆ ಸಿಗುವ ಬಯಲಿನಲ್ಲಿ ಕೃಷ್ಣಮೂರ್ತಿ ಎಂಬ ನಿವೃತ್ತ ಪೈಲಟ್ ಒಂದು ತಗಡಿನ ಶೆಡ್ಡು ಹಾಕಿಸಿ, ಅದರೊಳಗೆ ಒಂದು ಪುಟ್ಟ ವಿಮಾನ ಇಟ್ಟುಕೊಂಡಿದ್ದರು. ಇಬ್ಬರು ಕೂತರೆ ಮೂರನೆಯವರ ಚಪ್ಪಲಿಗೂ ಜಾಗವಿಲ್ಲದಂಥ ವಿಮಾನ. ಬ್ರಹ್ಮಗಿರಿಯ ಸುತ್ತಿನ ಬಂಡೆಗುಡ್ಡಗಳು ಮೇಲಿನಿಂದ ಎಷ್ಟು ಚೆಂದ ಎಂದು ಲೋಕಕ್ಕೆ ತೋರಿಸುವ ಒಂದು ವಿಡಿಯೋ ಮಾಡಬೇಕೆಂಬುದು ಅವರ ಹಂಬಲ. ಬೆಂಗಳೂರಿನಿಂದ ಎರಡು ಸಲ ಹುಡುಗರು ಬಂದು ಮುಷ್ಟಿಯಷ್ಟು ದೊಡ್ಡ ಕ್ಯಾಮೆರಾಗಳನ್ನು ರೆಕ್ಕೆಗೆ ಅಂಟಿಸಿ ಹೋಗಿದ್ದರು. ಮೊದಲ ಸಲ ರೆಕ್ಕೆಗೆ ಕಚ್ಚಿಸಿದ ರಬ್ಬರ್ ಬಟ್ಟಲು ಗಾಳಿ ಬಿಟ್ಟು, ಕ್ಯಾಮೆರಾ ಯಾರದೋ ಶೇಂಗಾ ಹೊಲದಲ್ಲಿ ಬಿತ್ತು. ಎರಡನೆಯ ಸಲ ಬೀಳಲಿಲ್ಲ, ಆದರೆ ಎಂಜಿನ್ನಿನ ನಡುಕಕ್ಕೆ ಚಿತ್ರದಲ್ಲಿ ಇಡೀ ಬ್ರಹ್ಮಗಿರಿ ಚಳಿಜ್ವರ ಬಂದಂತೆ ನಡುಗಿ, ನಲವತ್ತನೇ ನಿಮಿಷಕ್ಕೆ ಬ್ಯಾಟರಿ ಸತ್ತಿತು. ಆಗ ಯಾರೋ ಹೇಳಿದರಂತೆ, ಕಟ್ಟೋದಕ್ಕೆ ಅಂಜಿನೇಯನನ್ನ ಕರೀರಿ ಅಂತ.

ಅಂಜಿನೇಯ ಒಪ್ಪಿಕೊಂಡದ್ದಕ್ಕೆ ಇನ್ನೊಂದು ಕಾರಣವಿತ್ತು. ಶೆಡ್ಡಿನಿಂದ ಅವನ ಅಪ್ಪ ಅವ್ವ ಇರುವ ಹಟ್ಟಿ ಒಂದೂವರೆ ಮೈಲಿ. ಹೆಂಡತಿ ವನಜಾಕ್ಷಿಯನ್ನೂ ಮಕ್ಕಳನ್ನೂ ಚಳ್ಳಕೆರೆಯಲ್ಲಿ ಬಿಟ್ಟು ಆ ವಾರ ಅವನು ಹಟ್ಟಿಯಲ್ಲೇ ಉಳಿದಿದ್ದ. ಯಾಕೆಂದರೆ ಅವನ ಅಪ್ಪ ಉಣ್ಣುವುದನ್ನು ಬಿಟ್ಟಿದ್ದ.

ಅಪ್ಪ ಚಿಕ್ಕೀರಪ್ಪ ದೇವರ ಎತ್ತುಗಳ ಕಿಲಾರಿ. ದೇವರಿಗೆ ಬಿಟ್ಟ ಎತ್ತುಗಳಿಗೆ ನೊಗವಿಲ್ಲ, ಮೂಗುದಾರವಿಲ್ಲ, ಮಾರುವಂತಿಲ್ಲ. ಅವನ್ನು ಮೇಯಿಸಿ, ನೀರು ಕುಡಿಸಿ, ರಾತ್ರಿ ಕಾಯುವವನೇ ಕಿಲಾರಿ. ಅದರಲ್ಲಿ ದೊಡ್ಡಯ್ಯ ಎಂಬ ಬಿಳಿ ಮುದಿ ಎತ್ತು ಸೋಮವಾರ ಬೆಳಗ್ಗೆ ಮಂದೆಯಿಂದ ಕಾಣೆಯಾಯಿತು. ಸಾಯಂಕಾಲದ ಹೊತ್ತಿಗೆ ಚಿಕ್ಕೀರಪ್ಪ ಗುಡಿಯ ಮುಂದೆ ನಿಂತು, ದೊಡ್ಡಯ್ಯನ ಮುಖ ನೋಡುವವರೆಗೆ ತುತ್ತು ಮುಟ್ಟುವುದಿಲ್ಲ ಎಂದುಬಿಟ್ಟ. ಅವನಿಗೆ ಎಪ್ಪತ್ತೆರಡು ವರ್ಷ. ನೀರು ಕುಡಿಯುತ್ತಿದ್ದ, ಅವ್ವ ಬಲವಂತ ಮಾಡಿದರೆ ಅರ್ಧ ಲೋಟ ಮಜ್ಜಿಗೆ. ಅಷ್ಟರಲ್ಲೇ ಬೆಳಗಿನಿಂದ ಸಂಜೆಯವರೆಗೆ ಬರಿಗಾಲಲ್ಲಿ ಹುಡುಕುತ್ತಿದ್ದ. ಗುರುವಾರ ಅಂಗಳದಲ್ಲಿ ಕಣ್ಣು ಕತ್ತಲೆ ಬಂದು ಕೂತ. ಶುಕ್ರವಾರ ಕೂತವನು ಏಳುವುದಕ್ಕೆ ಗೋಡೆ ಹಿಡಿದುಕೊಂಡ. ಅಂಜಿನೇಯನಿಗೆ ಭಯವಾಯಿತು. ಅಪ್ಪನ ಹತ್ತಿರ ವಾದ ಮಾಡಿ ಗೆದ್ದವರು ಹಟ್ಟಿಯಲ್ಲಿ ಇಲ್ಲ, ದೇವರ ಹತ್ತಿರ ವಾದ ಮಾಡಿ ಅಭ್ಯಾಸ ಅಂಜಿನೇಯನಿಗಿರಲಿಲ್ಲ.

ಅವ್ವ ಲಕ್ಷ್ಮಕ್ಕ ದಿನಾ ಎರಡು ಹೊತ್ತು ಮುದ್ದೆ ಕಟ್ಟಿ ಗಂಡನ ಮುಂದೆ ಇಟ್ಟು, ಅವನು ಮುಟ್ಟದೆ ಬಿಟ್ಟದ್ದನ್ನು ಒಯ್ದು ಎಮ್ಮೆಗೆ ಹಾಕಿ, ಗಂಡನಿಗೂ ಎತ್ತಿಗೂ ಒಟ್ಟಿಗೆ ಬೈಯುತ್ತಿದ್ದಳು. ಮಗ ಉಂಡೇಳುವವರೆಗೆ ಒಲೆಯ ಮುಂದೆ ಕೂತಿರುತ್ತಿದ್ದಳು. ಆ ವಾರವೆಲ್ಲ ಸಾರಿಗೆ ಒಂದು ದಿನ ಉಪ್ಪೇ ಇರುತ್ತಿರಲಿಲ್ಲ, ಇನ್ನೊಂದು ದಿನ ಬಾಯಿಗೆ ಇಡುವಂತಿರುತ್ತಿರಲಿಲ್ಲ. ವಯಸ್ಸಾಯಿತು ಅವ್ವನಿಗೆ ಎಂದುಕೊಂಡು ಅಂಜಿನೇಯ ಸುಮ್ಮನೆ ಉಣ್ಣುತ್ತಿದ್ದ. ಕಷ್ಟದ ಮನೆಯಲ್ಲಿ ಉಪ್ಪಿನ ಮಾತೆತ್ತಬಾರದು ಎಂಬಷ್ಟು ಬುದ್ಧಿ ಅವನಿಗಿತ್ತು.

ವಿಮಾನದಿಂದ ಎತ್ತು ಹುಡುಕಬಹುದಲ್ಲ ಎಂದು ನೀವು ಕೇಳಬಹುದು. ಅವನಿಗೂ ಒಮ್ಮೆ ಹೊಳೆದಿತ್ತು. ಆದರೆ ಗಿರಾಕಿಯ ಹತ್ತಿರ ಮನೆಯ ಗೋಳು ಹೇಳಿಕೊಳ್ಳಬಾರದು ಎಂಬುದು ಅವನ ಕಸುಬಿನ ಕಟ್ಟಳೆ. ಗೋಳು ಹೇಳಿಕೊಳ್ಳುವುದು ಗಿರಾಕಿಯ ಕೆಲಸ. ಹೀಗಾಗಿ ಶನಿವಾರ ಇಡೀ ದಿನ ಬಾಯಿ ಬಿಡದೆ ವಿಮಾನಕ್ಕೆ ಕ್ಯಾಮೆರಾ ಕಟ್ಟಿದ.

ಕಟ್ಟಿದ್ದನ್ನು ನೋಡಬೇಕಿತ್ತು ನೀವು. ರೆಕ್ಕೆಗೆ ಆನಿಸಿದ ಎರಡು ಕಂಬಿಗಳಿಗೆ ಒಂದೊಂದು, ಬಾಲಕ್ಕೆ ಒಂದು, ಒಟ್ಟು ಮೂರು ಕ್ಯಾಮೆರಾ. ಅಂಟು, ರಬ್ಬರ್ ಬಟ್ಟಲು ಯಾವುದೂ ಬೇಡವೆಂದು, ಪಂಪಿನ ಪೈಪಿಗೆ ಹಾಕುವ ಕ್ಲಾಂಪನ್ನೇ ಸಣ್ಣದಾಗಿ ಮಾಡಿಸಿ ತಂದಿದ್ದ. ಕಂಬಿಗೂ ಕ್ಲಾಂಪಿಗೂ ನಡುವೆ ಸ್ಕೂಟರ್ ಟ್ಯೂಬಿನ ಎರಡು ಪದರ, ನಡುಕ ಅಲ್ಲೇ ಸಾಯಲಿ ಎಂದು. ಅಷ್ಟಾದ ಮೇಲೆ ಪ್ರತಿ ಕ್ಯಾಮೆರಾಕ್ಕೂ ಬೇರೆಯೇ ಒಂದು ನೈಲಾನ್ ಹಗ್ಗ. ಬೋರಿಗೆ ಮೋಟಾರು ಇಳಿಸುವಾಗ ಅದು ಪೈಪಿನಲ್ಲಿ ತೂಗುತ್ತಿದ್ದರೂ ಪಕ್ಕಕ್ಕೊಂದು ಹಗ್ಗ ಕಟ್ಟಿರುತ್ತಾರಲ್ಲ, ಪೈಪು ಕೈಕೊಟ್ಟರೂ ಮೋಟಾರು ಕೈಗೆ ಸಿಗಲಿ ಎಂದು, ಅದೇ ಲೆಕ್ಕ. ಕೃಷ್ಣಮೂರ್ತಿ ಒಂದೊಂದನ್ನೂ ಹಿಡಿದು ಜಗ್ಗಿದರು. ವಿಮಾನ ಅಲುಗಿತು, ಕ್ಯಾಮೆರಾ ಅಲುಗಲಿಲ್ಲ.

ಕರೆಂಟಿನದು ಸ್ವಲ್ಪ ಸತಾಯಿಸಿತು. ವಿಮಾನದ ಬ್ಯಾಟರಿಯಿಂದಲೇ ತಂತಿ ಎಳೆದು ಮೊಬೈಲ್ ಚಾರ್ಜರಿನ ಮೂಲಕ ಕೊಟ್ಟರೆ, ಕ್ಯಾಮೆರಾ ಏನೋ ನಡೆಯಿತು, ಆದರೆ ಪೈಲಟ್ಟಿನ ಹೆಡ್‌ಫೋನಿನಲ್ಲಿ ಕರಕರ ಶುರುವಾಯಿತು. ಚಾರ್ಜರಿನ ಗಲಾಟೆ ರೇಡಿಯೋಗೆ ಹೋಗುತ್ತಿತ್ತು. ಅಂಜಿನೇಯ ಅದನ್ನು ಕಿತ್ತೆಸೆದು, ವಿಮಾನದ ಕರೆಂಟಿನ ಸಹವಾಸವೇ ಬೇಡವೆಂದು ದೊಡ್ಡದೊಂದು ಪವರ್ ಬ್ಯಾಂಕನ್ನು ಸೀಟಿನ ಹಿಂದೆ ಪಟ್ಟಿ ಬಿಗಿದು ಕೂರಿಸಿದ. ಅಲ್ಲಿಂದ ಮೂರೂ ಕ್ಯಾಮೆರಾಕ್ಕೆ ತಂತಿ, ಗೇಣಿಗೊಂದು ಟ್ಯೂಬಿನ ಕಟ್ಟು, ಕೊನೆಯಲ್ಲಿ ಎಳೆತ ಬೀಳದಂತೆ ಒಂದು ಸುತ್ತು ಸಡಿಲ. ಬಿಸಿಲಿಗೆ ನಿಂತಲ್ಲೇ ಕಾದು ಕ್ಯಾಮೆರಾ ಆಫ್ ಆಗುತ್ತಿತ್ತು. ಅದಕ್ಕೂ ಉಪಾಯ ಮಾಡಿದ. ಮೂರಕ್ಕೂ ಒದ್ದೆ ಬಟ್ಟೆ ಸುತ್ತಿಟ್ಟ. ಹಾರುವ ಗಳಿಗೆಯಲ್ಲಿ ತೆಗೆದರಾಯಿತು, ಮೇಲೆ ಹೋದ ಮೇಲೆ ಗಾಳಿಯೇ ತಣ್ಣಗೆ ಮಾಡುತ್ತದೆ.

ಎಲ್ಲ ಸರಿ. ಒಂದೇ ಒಂದು ಸಂಗತಿಯನ್ನು ಆ ಬಟ್ಟೆ ಮುಚ್ಚಿತ್ತು, ಜಗ್ಗಿ ನೋಡುವಾಗಲೂ ಕೃಷ್ಣಮೂರ್ತಿ ಗಮನಿಸಿರಲಿಲ್ಲ, ಅಂಜಿನೇಯನಿಗೆ ಅದು ಹೇಳಬೇಕಾದ ಸಂಗತಿ ಎಂದೇ ಅನ್ನಿಸಲಿಲ್ಲ.

ಭಾನುವಾರ ಬೆಳಗ್ಗೆ ಆರೂವರೆಗೆ ಎಂಜಿನ್ ಬೆಚ್ಚಗಾಗಲು ಬಿಟ್ಟರು. ರೆಕಾರ್ಡಿಂಗ್ ಒತ್ತಿ, ಬಟ್ಟೆ ಎಳೆದುಕೊಂಡು ಅಂಜಿನೇಯ ಪಕ್ಕಕ್ಕೆ ಓಡಿದ. ವಿಮಾನ ಏರಿ, ಬ್ರಹ್ಮಗಿರಿಯ ದಿಕ್ಕಿಗೆ ಹೋಗಿ, ಸುತ್ತು ಹಾಕಿ, ಒಂದು ಗಂಟೆ ಹತ್ತು ನಿಮಿಷಕ್ಕೆ ಬಂದಿಳಿಯಿತು. ಮೂರು ಕ್ಯಾಮೆರಾಗಳೂ ಕಟ್ಟಿದಲ್ಲೇ ಇದ್ದವು. ಮೂರೂ ಇನ್ನೂ ರೆಕಾರ್ಡ್ ಮಾಡುತ್ತಿದ್ದವು. ಕೃಷ್ಣಮೂರ್ತಿ ಅವನ ಬೆನ್ನು ತಟ್ಟಿ, ಶೆಡ್ಡಿನೊಳಗೆ ಲ್ಯಾಪ್‌ಟಾಪ್ ತೆರೆದರು.

ಪರದೆಯ ಮೇಲೆ ನೆಲ ಬಂತು. ಎಡ ರೆಕ್ಕೆಯ ಕ್ಯಾಮೆರಾದಲ್ಲಿ ನೆಲ, ಬಲ ರೆಕ್ಕೆಯದರಲ್ಲಿ ನೆಲ, ಬಾಲದ್ದರಲ್ಲಿ ನೆಲ ಮತ್ತು ವಿಮಾನದ ನೆರಳು. ಚಿತ್ರ ಕಲ್ಲಿನ ಮೇಲೆ ಕೆತ್ತಿದ ಹಾಗೆ ನಿಶ್ಚಲ. ಕೃಷ್ಣಮೂರ್ತಿ ಹನ್ನೊಂದು ನಿಮಿಷ ನೋಡಿದರು. ಆಮೇಲೆ ಬೆಟ್ಟ ಎಲ್ಲಿ ಎಂದು ಕೇಳಿದರು.

"ಇದೇ ಸಾರ್. ಇದು ಅದರ ನೆತ್ತಿ."

"ಆಕಾಶ?"

"ಆಕಾಶ ಕೆಳಗಡೆ ಇರಲ್ವಲ್ಲ ಸಾರ್."

ಅವನು ತಮಾಷೆ ಮಾಡುತ್ತಿರಲಿಲ್ಲ. ಹದಿನಾರು ವರ್ಷ ಅವನು ಕಟ್ಟಿದ ಕ್ಯಾಮೆರಾವೆಲ್ಲ ಕೆಳಗೇ ನೋಡಿವೆ. ಕ್ಯಾಮೆರಾ ಎಂದರೆ ಕೆಳಗೆ ನೋಡುವ ವಸ್ತು. ಅದನ್ನು ಎದುರಿಗೆ ತಿರುಗಿಸಬೇಕು ಎನ್ನುವುದು, ಕೊಡಪಾನವನ್ನು ಬೋರಲಾಗಿ ಹಿಡಿದು ನೀರಿಗೆ ಹೋಗು ಎಂದ ಹಾಗೆ ಅವನಿಗೆ. ಕೃಷ್ಣಮೂರ್ತಿಗೆ ಇದು ಅರ್ಥವಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಒಳ್ಳೆಯ ಮನುಷ್ಯ, ಕೂಗಾಡಲಿಲ್ಲ. ಸಾಕು ಆಫ್ ಮಾಡು, ಮುಂದಿನ ಭಾನುವಾರ ಎದುರಿಗೆ ತಿರುಗಿಸಿ ಮತ್ತೆ ಹಾರೋಣ ಎಂದು ಟೀ ಕುಡಿಯಲು ಹೊರಗೆ ಹೋದರು.

ಅಂಜಿನೇಯ ಆಫ್ ಮಾಡಲಿಲ್ಲ. ತಳ ಮುಟ್ಟುವವರೆಗೆ ನೋಡದೆ ಎದ್ದುಬಂದ ಚರಿತ್ರೆ ಅವನದಲ್ಲ. ಅರ್ಧಕ್ಕೆ ನೋಡಿ ನೀರಿಲ್ಲ ಎಂದು ಹೇಳುವವರು ಬೇರೆ ಇದ್ದಾರೆ, ಅವರ ಹೆಸರು ಇಲ್ಲಿ ಬೇಡ. ಒಬ್ಬನೇ ಕೂತು ಬಂಡೆ, ಹೊಲ, ಬದು, ಕಮರದ ಮರ, ಮತ್ತೆ ಬಂಡೆ ನೋಡುತ್ತ ಹೋದ. ಅರವತ್ತಾರನೇ ನಿಮಿಷದಲ್ಲಿ ವಿಮಾನ ಇಳಿಯಲೆಂದು ತಗ್ಗಿ, ಹಳೇ ಕೆರೆಯಂಗಳದ ಮೇಲೆ ಬಂತು. ಆ ಅಂಗಳವನ್ನು ಬಳ್ಳಾರಿ ಜಾಲಿ ನುಂಗಿ ಎಷ್ಟೋ ವರ್ಷವಾಗಿತ್ತು. ನೆಲದ ಮೇಲೆ ನಿಂತರೆ ಹತ್ತು ಹೆಜ್ಜೆ ಆಚೆ ಕಾಣದಷ್ಟು ದಟ್ಟ, ಅಪ್ಪ ಅದರ ಸುತ್ತ ಮೂರು ಸಲ ಕೂಗುತ್ತ ಬಂದಿದ್ದ. ಮೇಲಿನಿಂದ ನೋಡಿದರೆ ನಡುವೆ ಒಂದು ಮನೆಯಂಗಳದಷ್ಟು ಬಯಲು, ಹೋದ ವಾರದ ಮಳೆಯ ನೀರು ನಿಂತ ಗುಂಡಿ, ಪಕ್ಕದಲ್ಲಿ ಎಳ್ಳಿನ ಕಾಳಿಗಿಂತ ಸ್ವಲ್ಪ ದೊಡ್ಡದಾಗಿ ಒಂದು ಬಿಳಿ ಬೆನ್ನು.

ಅಂಜಿನೇಯ ಚಿತ್ರ ನಿಲ್ಲಿಸಿದ. ಆ ಬಿಳಿ ಬೆನ್ನನ್ನು ದೊಡ್ಡದು ಮಾಡಿ ಎರಡು ಸಲ ನೋಡಿದ.

ಅವನು ಅದನ್ನು ಮೊಬೈಲಿಗೆ ಹಾಕಿಕೊಂಡು, ಕೃಷ್ಣಮೂರ್ತಿಗೆ ಎಲ್ಲವನ್ನೂ ಮೊದಲ ಸಲ ಹೇಳಿ, ಹಟ್ಟಿಗೆ ಜೀಪು ಓಡಿಸಿದ. ಚಿಕ್ಕೀರಪ್ಪ ಗೋಡೆಗೆ ಒರಗಿ ಕೂತಿದ್ದ. ಮೊಬೈಲನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದ. ಗಾಳಿಗೆ ಬೆನ್ನು ಕೊಟ್ಟು ನಿಂತಿದ್ದಾನೆ, ದೊಡ್ಡಯ್ಯನೇ ಸೈ ಎಂದ. ಲಕ್ಷ್ಮಕ್ಕ ಆಗಲೇ ಒಳಗೆ ಹೋಗಿ ಗಂಗಾಳ ತಂದಿದ್ದಳು. ನೋಡಿದ್ದಾಯಿತಲ್ಲ, ಇನ್ನು ಎರಡು ತುತ್ತು ಉಂಡು ಹೋಗು ಎಂದಳು.

"ನಾನ್ ನೋಡಿದ್ದು ಬೆನ್ನು ಕಣೇ," ಎಂದ ಚಿಕ್ಕೀರಪ್ಪ. "ಸಾಮಿ ಮುಂದೆ ಮುಖ ಅಂದೀನಿ."

ಒಂದೇ ಬೆಳಗ್ಗೆ ಇಬ್ಬರು ಹಿರಿಯರು ಅಂಜಿನೇಯನ ಕ್ಯಾಮೆರಾದ ಮೇಲೆ ಒಂದೇ ತಕರಾರು ತೆಗೆದಿದ್ದರು. ಅವನು ಅಪ್ಪನನ್ನು ಎತ್ತಿ ಜೀಪಿನಲ್ಲಿ ಕೂರಿಸಿದ. ಅಪ್ಪ ಹೊರೆ ಸೊಪ್ಪಿನಷ್ಟೂ ಭಾರ ಇರಲಿಲ್ಲ.

ಕೆರೆಯಂಗಳದ ಅಂಚಿನಲ್ಲಿ ಜೀಪು ನಿಂತಿತು. ದೇವರ ಎತ್ತಿನ ಹತ್ತಿರಕ್ಕೆ ಮೆಟ್ಟು ಹಾಕಿಕೊಂಡು ಹೋಗುವುದು ಚಿಕ್ಕೀರಪ್ಪನ ಮನೆಯಲ್ಲಿ ಇಲ್ಲ. ಅಂಜಿನೇಯನೂ ಬೂಟು ಕಳಚಿದ. ಅಪ್ಪನ ಅಂಗಾಲು ಮುಳ್ಳನ್ನು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ, ಮಗನದು ಒಂದೊಂದನ್ನೂ ಲೆಕ್ಕ ಇಟ್ಟಿತು. ಮಗ ಮಚ್ಚಿನಿಂದ ಜಾಲಿ ಸವರುತ್ತ, ಮೊಬೈಲಿನ ಚಿತ್ರ ನೋಡುತ್ತ ದಾರಿ ಮಾಡಿದ, ಅಪ್ಪ ಅವನ ಹೆಗಲು ಹಿಡಿದು ಬಂದ. ಅರ್ಧ ಗಂಟೆಯ ಮೇಲೆ ಬಯಲು ಸಿಕ್ಕಿತು.

ದೊಡ್ಡಯ್ಯ ನೀರಿನ ಗುಂಡಿಯ ಪಕ್ಕ ನಿಂತು ಜಾಲಿಕಾಯಿ ಮೆಲುಕು ಹಾಕುತ್ತಿತ್ತು. ಮೈಯಲ್ಲಿ ಒಂದು ಗೀರಿಲ್ಲ. ಆರು ದಿನದಲ್ಲಿ ಒಂದಿಷ್ಟು ಮೈ ತುಂಬಿಕೊಂಡಂತೆಯೂ ಇತ್ತು. ಚಿಕ್ಕೀರಪ್ಪ ಸುತ್ತಿ ಬಂದು ಅದರ ಎದುರಿಗೆ ನಿಂತ. ಎತ್ತು ಅವನ ಮುಖ ನೋಡಿತು, ಅವನು ಎತ್ತಿನ ಮುಖ ನೋಡಿದ. ಸ್ವಲ್ಪ ಹೊತ್ತಾದ ಮೇಲೆ ಎತ್ತೇ ಮುಖ ತಿರುಗಿಸಿತು. ಚಿಕ್ಕೀರಪ್ಪ ಅದರ ಕೊರಳಲ್ಲಿ ಜೋಲುವ ಗಂಗೆದೊಗಲಿಗೆ ಹಣೆ ಹಚ್ಚಿ ಅತ್ತ. ಅಪ್ಪ ಅತ್ತದ್ದನ್ನು ಅಂಜಿನೇಯ ನೋಡಿದ್ದು ಅದೇ ಮೊದಲು, ಎಲ್ಲಿ ನೋಡಬೇಕೆಂದು ತಿಳಿಯದೆ ನೆಲ ನೋಡುತ್ತ ನಿಂತ. ಎತ್ತುಗಳ ಹತ್ತಿರ ಅಪ್ಪನ ಮಾತೆಲ್ಲ ತೆಲುಗು.

"ರಾ ಸಾಮೀ," ಎಂದ. "ಇಂಟಿಕಿ ಪೋದಾಂ."

ಮನೆಗೆ ಹೋಗೋಣ ಬಾ ಎಂದು ಯಾರಾದರೂ ಹೇಳಲಿ ಎಂದೇ ಕಾಯುತ್ತಿದ್ದಂತೆ ಮುದಿ ಎತ್ತು ಅವನ ಹಿಂದೆ ಹೊರಟಿತು.

ಹಟ್ಟಿಯಲ್ಲಿ ಎತ್ತಿಗೆ ಅರಿಶಿನ ಕುಂಕುಮ ಆಯಿತು, ಮಂದೆಗೆ ಸೇರಿತು. ಆಮೇಲೆ ಚಿಕ್ಕೀರಪ್ಪ ಕಾಲು ತೊಳೆದುಕೊಂಡು ಬಂದು ಗಂಗಾಳದ ಮುಂದೆ ಕೂತ. ಪಕ್ಕದಲ್ಲಿ ಅಂಜಿನೇಯ, ಅಂಗಾಲಿನಿಂದ ಒಂಬತ್ತನೇ ಮುಳ್ಳು ತೆಗೆಯುತ್ತಿದ್ದ. ಲಕ್ಷ್ಮಕ್ಕ ಬಿಸಿ ಮುದ್ದೆ ಇಟ್ಟು, ಹುರುಳಿ ಸಾರು ಬಿಟ್ಟು, ಎಂದಿನಂತೆ ಒಲೆಯ ಮುಂದೆ ಕೂತಳು. ಚಿಕ್ಕೀರಪ್ಪ ಒಂದು ತುತ್ತು ಮುರಿದು, ಅದ್ದಿ, ನುಂಗಿದ.

"ಸಾರಿಗೆ ಉಪ್ಪೇ ಇಲ್ಲ," ಎಂದ ಚಿಕ್ಕೀರಪ್ಪ.

ಲಕ್ಷ್ಮಕ್ಕ ಒಲೆಯ ಕೆಂಡ ಸರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಹೆಂಗ್ ಗೊತ್ತಾಗ್ತೈತೆ?" ಎಂದಳು. "ಸೋಮವಾರದಿಂದ ನಾನೂ ಬಾಯಿಗೆ ಇಟ್ಟಿಲ್ಲ."

ಚಿಕ್ಕೀರಪ್ಪನ ಎರಡನೇ ತುತ್ತು ಕೈಯಲ್ಲೇ ನಿಂತಿತು. ಅಂಜಿನೇಯ ಐನೂರು ಅಡಿ ಆಳದಲ್ಲಿ ಬಂಡೆಯ ಕೂದಲೆಳೆಯ ಬಿರುಕು ಕಂಡುಹಿಡಿಯುವವನು. ಆರು ದಿನ ಎರಡು ಹೊತ್ತು ಆ ಒಲೆಯ ಎದುರಿಗೆ ಕೂತು ಉಂಡಿದ್ದ. ಅವನಿಗೆ ನಾಚಿಕೆಯಾಯಿತು, ಎಷ್ಟೆಂದರೆ ಕಾಲಿನ ಮುಳ್ಳು ಮರೆತುಹೋಯಿತು. ಕುಂಟುತ್ತ ಎದ್ದು ಹೋಗಿ ಗೂಡಿನಿಂದ ಇನ್ನೊಂದು ಗಂಗಾಳ ತಂದು ಅವ್ವನ ಮುಂದೆ ಇಟ್ಟ. ಮುದ್ದೆ ಹಾಕಿದ, ಸಾರು ಬಿಟ್ಟ, ಉಪ್ಪಿನ ಮರಿಗೆ ಎಳೆದುಕೊಂಡು ಒಂದು ಚಿಟಿಕೆ ಹಾಕಿದ. ಆಮೇಲೆ ಅವ್ವನ ಎದುರಿಗೆ ಕೂತು, ಅವಳು ತುತ್ತು ನುಂಗುವವರೆಗೂ ಅವಳ ಮುಖವನ್ನೇ ನೋಡಿದ.