ಕಂಪನಿ ಹೆಡ್ಡು

ಗುರುಶಿದ್ದಪ್ಪ ಸೀಮೆಎಣ್ಣೆಯಲ್ಲಿ ಅದ್ದಿದ ಚಿಂದಿಯಿಂದ ಉಳವಪ್ಪನ ಉಗುರುಗಳನ್ನು ಒಂದೊಂದಾಗಿ ತಿಕ್ಕುತ್ತಿದ್ದ. ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಬಳಿದಾಗಿತ್ತು. ಮೂವತ್ತು ವರ್ಷ ಎಂಜಿನ್ನು ಬಿಚ್ಚಿ ಕೂಡಿಸಿದ ಕೈ. ಆಯಿಲ್ಲಿನ ಕಪ್ಪು ಹೋಗಲೊಲ್ಲದು.

“ಸಾಕು ಬಿಡ್ರಿ ಗುರುಶಿದ್ದಣ್ಣ,” ಎಂದಳು ಉಳವಪ್ಪನ ಹೆಂಡತಿ ದ್ರಾಕ್ಷಾಯಿಣಿ. “ನನ್ನ ಕೈಲೇನ ಹೋಗಲಿಲ್ಲ ಅದು.”

“ಇಷ್ಟರೆ ಮಾಡತೇನ್ರಿ ವೈನಿ.” ಅವನು ತಲೆ ಎತ್ತಲಿಲ್ಲ.

ಗೋಪನಕೊಪ್ಪದ ಗ್ಯಾರೇಜನ್ನು ಇಬ್ಬರೂ ಕೂಡಿ ತೆಗೆದಿದ್ದರು. ಎಂಜಿನ್ನಿನ ಕೆಲಸ ಉಳವಪ್ಪನದು, ಕಬ್ಬಿಣ ಕಡೆಯುವ ಲೇಥಿನ ಕೆಲಸ ಗುರುಶಿದ್ದಪ್ಪನದು. ನಿನ್ನೆ ಮುಂಜಾನೆ ಟೆಂಪೊ ಒಂದರ ಬಾನೆಟ್ಟಿನ ಮೇಲೆ ಉಳವಪ್ಪ ಬೋರಲು ಬಿದ್ದಾಗ, ಎತ್ತಿ ಆಸ್ಪತ್ರೆಗೆ ಒಯ್ದವನೂ ಗುರುಶಿದ್ದಪ್ಪನೇ.

ಅಂಗಳದಲ್ಲಿ ಹೆಣ ಒಯ್ಯಲು ಬಿದಿರಿನ ವಿಮಾನ ಕಟ್ಟುತ್ತಿದ್ದವರ ಮಾತು ಒಳಗೆ ಕೇಳುತ್ತಿತ್ತು.

“ಕೈ ಬಂಗಾರ ಇತ್ತು ಬಿಡಪಾ.”

“ಬಂಗಾರೇನೋ ಖರೇ. ಆ ರ‍್ಯಾಲಿ ಗಾಡ್ಯಾಗ ಮೋಸ ಮಾಡಬಾರದಿತ್ತು.”

“ಇವತ್ತ್ಯಾಕ ಆ ಮಾತು?”

ದ್ರಾಕ್ಷಾಯಿಣಿ ಎದ್ದು ಬಾಗಿಲು ಮುಂದೆ ಮಾಡಿದಳು. ಆರು ವರ್ಷದಿಂದ ಈ ಮಾತು ಸಂತೆಯಲ್ಲಿ, ಮದುವೆ ಮನೆಯಲ್ಲಿ, ನಲ್ಲಿಯ ಸಾಲಿನಲ್ಲಿ ಅವಳ ಹಿಂದೆಯೇ ಬಂದಿತ್ತು.

*

ಎರಡು ಸಾವಿರದ ಒಂದರಲ್ಲಿ ಧಾರವಾಡದ ವಕೀಲರ ಮಗ ವಿನೀತ ಒಂದು ಹಳೆಯ ಟರ್ಬೊ ಕಾರು ತಂದು ಗ್ಯಾರೇಜಿನ ಮುಂದೆ ನಿಲ್ಲಿಸಿದ. “ಕಾಕಾ, ರ‍್ಯಾಲಿ ರೇಸಿಗೆ ಇಳಸಬೇಕ್ರಿ. ಆದ್ರ ಹೆಡ್ಡು ಮಾತ್ರ ಕಂಪನಿಯಿಂದ ಬಂದಾಂಗ ಇರಬೇಕು. ಅದು ನಿಯಮ.”

ಎಂಜಿನ್ನಿನ ಮೇಲೆ ಕೂರುವ ಆ ಹೆಡ್ಡಿನ ತೂತುಗಳ ಮೂಲಕವೇ ಗಾಳಿ ಒಳಗೆ ಹೋಗಬೇಕು. ತೂತು ತಿಕ್ಕಿ ಅಗಲ ಮಾಡಿದರೆ ಗಾಡಿ ಹಾರುತ್ತದೆ. ಎಲ್ಲರೂ ಮಾಡುವುದು ಅದನ್ನೇ. ಅದನ್ನು ಮುಟ್ಟದೆ ಗಾಡಿ ಓಡಿಸುವುದು ಹೇಗೆಂದು ಉಳವಪ್ಪ ಎಂಟು ದಿನ ಊಟದ ತಾಟಿನ ಮುಂದೆಯೂ ಯೋಚಿಸಿದ. ಆಮೇಲೆ ಗಾಳಿಯನ್ನು ಒತ್ತಿ ಒಳಗೆ ತುಂಬುವ ದೊಡ್ಡ ಟರ್ಬೊ ಕೂರಿಸಿದ. ಬಿಸಿಗಾಳಿ ಆರಿಸಲು ಲಾರಿಯ ಕೂಲರನ್ನು ಕತ್ತರಿಸಿ ಹೊಂದಿಸಿದ. ಗಟ್ಟಿ ಪಿಸ್ಟನ್ ಹಾಕಿದ. ಹೆಚ್ಚಿದ ಒತ್ತಡಕ್ಕೆ ಹೆಡ್ಡು ಎದ್ದು ಬರಬಾರದೆಂದು ಅದನ್ನು ಹಿಡಿಯುವ ಬೋಲ್ಟುಗಳನ್ನು ಬದಲಿಸಿದ. ಅಮರಗೋಳದ ರಸ್ತೆಯಲ್ಲಿ ಮೊದಲ ಸಲ ಓಡಿಸಿ ಬಂದ ಸಂಜೆ ದ್ರಾಕ್ಷಾಯಿಣಿಯ ಮುಂದೆ ನಿಂತು, “ಹೆಡ್ಡಿಗೆ ಬೆರಳ ಸುದ್ದಾ ಹಚ್ಚಿಲ್ಲ ನೋಡು!” ಎಂದು ನಕ್ಕಿದ್ದ.

ಕಾರು ಗೆದ್ದಿತು. ಸೋತವರು ತಕರಾರು ತೆಗೆದರು. ಎಲ್ಲರೆದುರು ಹೆಡ್ಡು ಬಿಚ್ಚಿದಾಗ ತೂತಿನೊಳಗೆ ಕಾನಸ, ಅಂದರೆ ಲೋಹ ತಿಕ್ಕುವ ಅರ, ಆಡಿಸಿದ ಹೊಳಪು ಕಂಡಿತು. ಉಳವಪ್ಪ ಬಾಗಿ ಒಳಗೆ ಬೆರಳಿಟ್ಟ. ಮೆಲ್ಲಗೆ ಸವರಿದ. ಆಮೇಲೆ ಬೆರಳು ತೆಗೆದು ಅಂಗಿಗೆ ಒರೆಸಿಕೊಂಡ.

“ನನಗ ಗೊತ್ತs ಇಲ್ಲ. ಮೇಸ್ತ್ರಿ ಮಾಡಿರಬೇಕು,” ಎಂದು ವಿನೀತ ಪಂದ್ಯದವರಿಗೆ ಬರೆದುಕೊಟ್ಟ. ಮರುದಿನ ಪೇಪರಿನಲ್ಲಿ ಉಳವಪ್ಪನ ಹೆಸರು ಬಂತು.

ಅವತ್ತು ದ್ರಾಕ್ಷಾಯಿಣಿ ಅವನಿಗೆ ರೊಟ್ಟಿ ಬಡಿಸುತ್ತ ಕೇಳಿದ್ದಳು: “ಗ್ಯಾರೇಜಿನ ಕೀಲಿ ನಿಮ್ಮ ಕಡೆ ಇರತೈತಿ. ಮತ್ಯಾರು ಮಾಡಬೇಕ್ರಿ? ತಪ್ಪಾತು ಅಂತ ಒಪ್ಕೊಂಡುಬಿಡ್ರಿ, ಮಂದಿ ಮರೀತಾರ.”

ಅವನು ಮುರಿದ ರೊಟ್ಟಿಯ ಮೇಲೆಯೇ ಕೈ ತೊಳೆದು ಎದ್ದ. ಮತ್ತೆ ಯಾವತ್ತೂ ಮನೆಯಲ್ಲಿ ಗಾಡಿಯ ಸುದ್ದಿ ತೆಗೆಯಲಿಲ್ಲ.

*

ಮಧ್ಯಾಹ್ನ ವಿನೀತ ಬಂದ. ಆರೇ ವರ್ಷದಲ್ಲಿ ತಲೆ ಅರ್ಧ ಬೆಳ್ಳಗಾಗಿತ್ತು. ಹೆಣಕ್ಕೆ ಹಾರ ಹಾಕಿ ದ್ರಾಕ್ಷಾಯಿಣಿಯ ಮುಂದೆ ಕೈಮುಗಿದ.

“ಕಾಕಾ ದೊಡ್ಡ ಮನುಷ್ಯಾರಿ, ಕಾಕೂ. ಅಷ್ಟೆಲ್ಲಾ ಆದ್ರೂ ನಮ್ಮಿಬ್ಬರ ಹೆಸರು ಎಲ್ಲೂ ಎತ್ತಲಿಲ್ಲ.”

“ಇಬ್ಬರಂದ್ರ ಯಾರು?”

ಅವಳಿಗೆ ಗೊತ್ತಿಲ್ಲ ಎಂಬುದು ವಿನೀತನಿಗೆ ಆಗ ಹೊಳೆಯಿತು. ಅವನ ಕಣ್ಣು ಹೋದ ದಿಕ್ಕಿಗೆ ಅವಳೂ ನೋಡಿದಳು. ಗುರುಶಿದ್ದಪ್ಪನ ಕೈಯಿಂದ ಚಿಂದಿ ಕೆಳಗೆ ಬಿತ್ತು.

ಗ್ಯಾರೇಜಿಗೆ ಎರಡು ಕೀಲಿ ಇದ್ದವು, ಇನ್ನೊಂದು ಗುರುಶಿದ್ದಪ್ಪನ ಕಡೆ. ಆ ದಿನ ಉಳವಪ್ಪ ಅದನ್ನು ಹೇಳಿರಲಿಲ್ಲ. ಅವಳಿಗೂ ನೆನಪಾಗಿರಲಿಲ್ಲ.

“ಹೇಳ್ರಿ,” ಎಂದಳು.

“ಈ ವಿನೀತ ಅವರು ಸೋಲತೇವಿ ಅಂತ ಅಂಜಿ ನನ್ನ ಕಡೆ ಬಂದ್ರು,” ಎಂದ ಗುರುಶಿದ್ದಪ್ಪ. “ರಾತ್ರ್ಯಾಗ ಹೆಡ್ಡು ಬಿಚ್ಚಿ ಸ್ವಲ್ಪ ತಿಕ್ಕು, ಯಾರಿಗೂ ತಿಳಿಯೂದಿಲ್ಲ ಅಂದ್ರು. ಎಲ್ಲಾರೂ ಉಳವಪ್ಪನ ಗಾಡಿ, ಉಳವಪ್ಪನ ಗಾಡಿ ಅಂತಿದ್ರು ವೈನಿ. ನನ್ನ ಕೈಯೂ ಅದರಾಗ ಇರಲಿ ಅನಿಸ್ತು.”

“ನಮ್ಮವರಿಗೆ ಗೊತ್ತಿತ್ತೇನು?”

“ನಾ ಎಡಚ. ಕಾನಸಿನ ಗೆರಿ ಯಾ ಕಡೆ ಬಾಗ್ಯಾವಂತ ಬೆರಳಿಲೇ ನೋಡಿದ. ನನ್ನ ಕಡೆ ತಿರುಗಿದ. ಅಷ್ಟs.” ಅವನು ಮೂಗು ಒರೆಸಿಕೊಂಡ. “ಆರು ವರ್ಷ ದಿನಾ ತನ್ನ ಚಹಾದಾಗ ಅರ್ಧಾ ಕೊಟ್ಟ. ನಾನs ಬಾಯಿ ಬಿಡತೇನಿ ಅಂತ ಕಾಯ್ತಿದ್ದ, ಅನಸ್ತದ. ನನಗ ಆಗಲಿಲ್ಲ.”

ದ್ರಾಕ್ಷಾಯಿಣಿ ಗಂಡನ ಕಡೆ ತಿರುಗಿದಳು. ನನಗಾದರೂ ಹೇಳಬಾರದಿತ್ತೇ ಎಂದು ಕೇಳಲು ಬಾಯಿ ತೆರೆದಳು. ತಾಟಿನಲ್ಲಿ ನೆನೆದ ರೊಟ್ಟಿ ಕಣ್ಣ ಮುಂದೆ ಬಂತು. ಬಾಯಿ ಮುಚ್ಚಿಕೊಂಡಳು.

ಭಜನೆಯವರು ತಾಳ ಹಾಕಿದರು. ಉಳವಪ್ಪನನ್ನು ವಿಮಾನದಲ್ಲಿ ಕೂರಿಸಿ ನಾಲ್ವರು ಎತ್ತಿದರು. ಮುಂದಿನ ಬಲಗಡೆಯ ಹೆಗಲು ಗುರುಶಿದ್ದಪ್ಪನದು.

ಅವಳು ಅಂಗಳಕ್ಕಿಳಿದು ಅವನೆದುರು ನಿಂತಳು. “ಹೆಗಲು ತೆಗಿ.”

“ವೈನಿ…”

“ತೆಗಿ ಅಂದ್ನಿ.”

ಅವನು ಸರಿದ. ವಿಮಾನ ಓಲಾಡಿತು. ವಿನೀತ ಓಡಿಬಂದು ಕೈಚಾಚಿದ. “ನೀನೂ ಬ್ಯಾಡ,” ಎಂದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ತಾನೇ ಬಿದಿರಿನ ಕೆಳಗೆ ಹೋದಳು.

“ಹೆಂಗಸರು ಹೆಗಲು ಕೊಡೂದಿಲ್ಲಬೇ ಯವ್ವಾ,” ಪಕ್ಕದ ಮನೆಯ ಮುತ್ತವ್ವ ಅವಳ ತೋಳು ಹಿಡಿದಳು.

“ಅವತ್ತೂ ನಾ ಕೊಡಲಿಲ್ಲ ಮುತ್ತವ್ವ. ಬಿಡು.”

ಉಳಿದ ಮೂವರೂ ಎತ್ತರದ ಗಂಡಸರು. ಅವಳಿದ್ದ ಮೂಲೆ ತಗ್ಗಾಯಿತು. ಹೂವಿನ ಹಾರಗಳ ನಡುವೆ ಕೂತಿದ್ದ ಉಳವಪ್ಪನ ತಲೆ ಮೆಲ್ಲಗೆ ಜಾರಿ ಅವಳ ಕಡೆಗೇ ವಾಲಿತು. ಅದು ಹಾಗೇ ವಾಲಿಕೊಂಡಿರುವಂತೆ ಸಣ್ಣ ಸಣ್ಣ ಹೆಜ್ಜೆ ಇಡುತ್ತ ಅವಳು ರಸ್ತೆಗೆ ಬಂದಳು.