ಹಸಿರು ಮಸಿಯ ಅಭಿಪ್ರಾಯ

ನನಗೆ ನನ್ನ ತಂಗಿಯನ್ನು ಕಂಡರೆ ಹೊಟ್ಟೆಕಿಚ್ಚು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಅವಳ ಮನೆ, ಅವಳ ಕೆಲಸ, ಅವಳ ಗಂಡ, ಯಾವುದರ ಮೇಲೂ ನನಗೆ ಕಣ್ಣಿಲ್ಲ. ಆ ಗಂಡನನ್ನಂತೂ ಪುಕ್ಕಟೆ ಕೊಟ್ಟರೂ ಬೇಡ. ನನ್ನ ಹೊಟ್ಟೆ ಉರಿಯುವುದು ಗ್ರಂಥಾಲಯದ ಪುಸ್ತಕಗಳ ಹಿಂದೆ ಅವಳು ಗೀಚುವ ಎರಡು ಮೂರು ಸಾಲುಗಳಿಗೆ.

ನಮ್ಮ ಗ್ರಂಥಾಲಯದಲ್ಲಿ ಚಿತ್ರಗಳಲ್ಲೇ ಕಥೆ ಹೇಳುವ ಗ್ರಾಫಿಕ್ ಕಾದಂಬರಿಗಳಿಗೆಂದೇ ಒಂದು ಕೋಣೆಯಿದೆ. ಅಲ್ಲಿನ ಪ್ರತಿ ಪುಸ್ತಕದ ಹಿಂದಿನ ರಟ್ಟಿನೊಳಗೆ ಒಂದು ಬಿಳಿ ಹಾಳೆ ಇರುತ್ತದೆ. ಓದಿದವರು ತಮ್ಮ ಅಭಿಪ್ರಾಯ ಬರೆಯಬಹುದು, ಹೆಸರು ಮಾತ್ರ ಹಾಕುವಂತಿಲ್ಲ. ಗ್ರಂಥಪಾಲಕಿ ಅದರಲ್ಲಿ ತಮಗೆ ಹಿಡಿಸಿದ ಒಂದನ್ನು ಕತ್ತರಿಸಿ, ಕಾರ್ಡಿಗೆ ಅಂಟಿಸಿ, ಕಪಾಟಿನ ಅಂಚಿಗೆ ಸಿಕ್ಕಿಸುತ್ತಾರೆ. ಹೆಸರಿಲ್ಲದಿದ್ದರೇನು, ಯಾರದು ಎಂದು ಎಲ್ಲರಿಗೂ ಗೊತ್ತು. ಕಪ್ಪು ಮಸಿಯ ಗುಂಡು ಅಕ್ಷರ ನನ್ನದು. ಹಸಿರು ಮಸಿಯ ವಾಲು ಅಕ್ಷರ ಅವಳದು. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ; ಅಲ್ಲಿ ಎಡಗಣ್ಣಿನ ನಂಬರನ್ನು ಹಸಿರು ಪೆನ್ನಿನಲ್ಲಿ ಬರೆಯುವ ರೂಢಿ.

ಅವಳಿಗೆ ಇಂಥ ಪುಸ್ತಕಗಳ ರುಚಿ ಹತ್ತಿಸಿದವನು ನಾನೇ. ಮೊದಲ ಸಲ ಕೈಹಿಡಿದು ಆ ಕೋಣೆಗೆ ಕರೆದುಕೊಂಡು ಹೋಗಿ, ಚಿತ್ರದ ಚೌಕಗಳನ್ನು ಯಾವ ಕ್ರಮದಲ್ಲಿ ಓದಬೇಕೆಂದು ಬೆರಳಿಟ್ಟು ತೋರಿಸಿಕೊಟ್ಟೆ. ಈಗ ನೋಡಿ. ಪತ್ತೇದಾರಿ ಪುಸ್ತಕವೊಂದಕ್ಕೆ ನಾನು, "ಕಥಾಹಂದರ ಬಿಗಿಯಾಗಿದ್ದರೂ ನೆರಳು ಬೆಳಕಿನ ಸಂಯೋಜನೆಯಲ್ಲಿ ಸಮತೋಲನದ ಕೊರತೆ ಕಾಣುತ್ತದೆ" ಎಂದು ಎರಡು ದಿನ ಯೋಚಿಸಿ ಬರೆದೆ. ಅವಳು ಬರೆದದ್ದು: "ಊರಿಗೆಲ್ಲ ಹರಕು ಚಪ್ಪಲಿ, ಒಬ್ಬನಿಗೆ ಮಾತ್ರ ಹೊಳೆಯುವ ಬೂಟು. ಕೊಲೆಗಾರನನ್ನು ಹಿಡಿಯಲು ಪತ್ತೇದಾರ ಬೇಕೇ?" ಕಾರ್ಡಿಗೆ ಏರಿದ್ದು ಯಾವುದೆಂದು ಹೇಳಬೇಕಾಗಿಲ್ಲ. ದೆವ್ವದ ಪುಸ್ತಕಕ್ಕೆ, "ದೆವ್ವ ಕಾಣುವವರೆಗೆ ಹೆದರಿಕೆಯಾಯಿತು. ಕಂಡಮೇಲೆ ಪಾಪ ಅನ್ನಿಸಿತು." ಅಂತರಿಕ್ಷದ ಕಥೆಗೆ, "ನೂರು ಪುಟ ನಕ್ಷತ್ರ ಸುತ್ತಿದರು, ಒಬ್ಬರೂ ಒಂದು ಹೊತ್ತು ಊಟ ಮಾಡಲಿಲ್ಲ." ಜನ ಕಾರ್ಡು ಓದಿ ನಗುತ್ತಿದ್ದರು. ನಾನು ಪಕ್ಕದಲ್ಲಿ ನಿಂತು ಹಲ್ಲು ಕಡಿಯುತ್ತಿದ್ದೆ.

ಈ ವರ್ಷ ಗ್ರಂಥಪಾಲಕಿ ಉರಿಯುವ ಬೆಂಕಿಗೆ ತುಪ್ಪ ಸುರಿದರು. ಹೊಸ ಪುಸ್ತಕಗಳನ್ನು ಆರಿಸುವ ಸಮಿತಿಯಲ್ಲಿ ಓದುಗರಿಗೊಂದು ಕುರ್ಚಿ, ವರ್ಷದ ಕೊನೆಗೆ ಯಾರ ಕಾರ್ಡು ಹೆಚ್ಚೋ ಅವರಿಗೆ ಎಂದು ಬಾಗಿಲಿಗೆ ಚೀಟಿ ಅಂಟಿಸಿದರು. ಆ ಕುರ್ಚಿ ನನಗೆ ಬೇಕಿತ್ತು. ಜೀವಮಾನದಲ್ಲಿ ಇನ್ನೇನನ್ನೂ ನಾನು ಅಷ್ಟು ಆಸೆಪಟ್ಟಿರಲಿಲ್ಲ. ಸಿಕ್ಕ ಪುಸ್ತಕಕ್ಕೆಲ್ಲ ಬರೆದು ಬರೆದು ಕೊನೆಯ ವಾರಕ್ಕೆ ನನ್ನವೂ ಹದಿನಾಲ್ಕು ಕಾರ್ಡಾದವು, ಅವಳವೂ ಹದಿನಾಲ್ಕು. ಉಳಿದದ್ದು ಒಂದೇ ಪುಸ್ತಕ. ಕಲಾವಿದೆಯೊಬ್ಬಳು ತನ್ನ ತಾಯಿಯ ಕೊನೆಯ ದಿನಗಳನ್ನು ಚಿತ್ರದಲ್ಲಿ ಹೇಳಿದ ಆತ್ಮಕಥೆ.

ನಾನು ಅದನ್ನು ಎಲ್ಲರಿಗಿಂತ ಮೊದಲು ತಂದು, ಕೊನೆಯ ದಿನದವರೆಗೂ ಮನೆಯಲ್ಲೇ ಇಟ್ಟುಕೊಂಡೆ. ತಂಗಿ ಎರಡು ಸಲ ಕೇಳಿದಳು.

"ಅಣ್ಣಾ, ಓದಿ ಆಯ್ತಾ?"

"ಇನ್ನೂ ಇಲ್ಲ ಪುಟ್ಟಿ. ಅವಸರದಲ್ಲಿ ಓದೋ ಪುಸ್ತಕ ಅಲ್ಲ ಅದು."

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಆದರೆ ನನಗೆ ಗೆದ್ದರೆ ಸಾಲದಾಗಿತ್ತು, ಅವಳು ನಗೆಪಾಟಲಾಗಬೇಕಿತ್ತು. ಹಲ್ಲಿನ ಸೆಟ್ಟು ಮಾಡುವುದು ನನ್ನ ಕಸುಬು. ಒಬ್ಬರ ಬಾಯಲ್ಲಿ ಹಿಂದೆ ಹೇಗಿತ್ತೋ ಹಾಗೇ ಕಾಣುವಂತೆ ಹಲ್ಲು ಕೂರಿಸುವವನಿಗೆ ತಂಗಿಯ ಅಕ್ಷರ ಯಾವ ಲೆಕ್ಕ? ಅವಳ ಅಂಗಡಿಗೆ ಹೋಗಿ ಹಸಿರು ಪೆನ್ನು ಕೇಳಿ ತಂದೆ. ಪುಸ್ತಕದ ಹಾಳೆಯಲ್ಲಿ ಮೊದಲು ನನ್ನ ಕಪ್ಪು ಮಸಿಯಲ್ಲಿ ಗಂಭೀರವಾಗಿ ಆರು ಸಾಲು ಬರೆದೆ. ಅದರ ಕೆಳಗೆ ಹಸಿರಿನಲ್ಲಿ, ಓದಿದವರು ಮೂಗು ಮುರಿಯುವಂಥ ಅಳುಮುಂಜಿ ಸಾಲೊಂದನ್ನು ಗೀಚಲು ಕೂತೆ. ವಿಮರ್ಶೆ ಎಂದರೇನೆಂದೇ ಗೊತ್ತಿಲ್ಲದವರು ಬರೆದಂತೆ ಇರಬೇಕು. ಚಿತ್ರಕಲೆಯ ಬಗ್ಗೆ ಒಂದು ಮಾತೂ ಇರಬಾರದು.

ಕೈ ತಾನಾಗಿ ಓಡಿತು. "ಲೋಟದ ನೀರಲ್ಲಿ ಹಲ್ಲಿನ ಸೆಟ್ಟು ಇಟ್ಟಿರುವ ಪುಟ ಬಂದಾಗ ಪುಸ್ತಕ ಮುಚ್ಚಿ ಅತ್ತುಬಿಟ್ಟೆ. ಕೆಳಗಿನ ಸೆಟ್ಟಿನ ಎಡ ಅಂಚನ್ನು ಉಜ್ಜಿದ್ದಾರೆ. ಒತ್ತುತ್ತಿದೆ ಅಂತ ಅಮ್ಮ ಒಂದು ದಿನವೂ ಹೇಳಲಿಲ್ಲ."

ಬರೆದು ನಕ್ಕೆ. ಆ ಪುಟದಲ್ಲಿ ನಿಜಕ್ಕೂ ಅತ್ತವನು ನಾನೇ, ಅದು ಬೇರೆ ಮಾತು. ನಮ್ಮಮ್ಮನಿಗೆ ಸೆಟ್ಟು ಮಾಡಿಕೊಟ್ಟವನು ನಾನು. ಅವಳು ಹೋದಮೇಲೆ ಲೋಟದಿಂದ ಅದನ್ನು ಎತ್ತಿಕೊಂಡಾಗ ಅದರ ಎಡ ಅಂಚೂ ಹಾಗೇ ಸವೆದಿರುವುದನ್ನು ನೋಡಿದ್ದೆ. ಯಾರಿಗೂ ಹೇಳಿರಲಿಲ್ಲ. ಅಂಥ ಮಾತು ಬರೆಯುವವರು ಪೆದ್ದರು ಎಂದುಕೊಂಡೇ ಅದನ್ನು ತಂಗಿಯ ತಲೆಗೆ ಕಟ್ಟಿದ್ದೆ.

ಪುಸ್ತಕ ಹಿಂತಿರುಗಿಸಿ ಎರಡು ದಿನ ಬಿಟ್ಟು, ಸಂಜೆ ಐದಕ್ಕೆ, ಓದುಗರೆಲ್ಲ ಆ ಕೋಣೆಯಲ್ಲಿ ಸೇರಿದೆವು. ಕಪಾಟಿನ ಅಂಚಿನಲ್ಲಿ ಕೊನೆಯ ಕಾರ್ಡು ನೇತಾಡುತ್ತಿತ್ತು. ಹಸಿರು.

"ಇಷ್ಟು ವರ್ಷದಲ್ಲಿ ಇಂಥ ಅಭಿಪ್ರಾಯ ನಾನು ಓದಿಲ್ಲ" ಎಂದರು ಗ್ರಂಥಪಾಲಕಿ. ಗಟ್ಟಿಯಾಗಿ ಓದಿ ಹೇಳಿದರು. ಯಾರೂ ನಗಲಿಲ್ಲ. ಮುಂದಿನ ಸಾಲಿನಲ್ಲಿದ್ದ ನಿವೃತ್ತ ಮೇಷ್ಟ್ರೊಬ್ಬರು ಜೇಬಿನ ಪುಸ್ತಕ ತೆಗೆದು ಅದನ್ನು ಬರೆದುಕೊಂಡರು. ನನ್ನ ಯಾವ ಮಾತನ್ನೂ ಇದುವರೆಗೆ ಯಾರೂ ಬರೆದುಕೊಂಡಿರಲಿಲ್ಲ. ಅದು ನನ್ನದು ಎಂದು ಕೂಗಬೇಕೆನ್ನಿಸಿತು. ಕೂಗಿದರೆ, ತಂಗಿಯ ಅಕ್ಷರದಲ್ಲಿ ಏಕೆ ಬರೆದೆ ಎಂದು ಹೇಳಬೇಕು. ನನ್ನ ಕೈಯಾರೆ ಅವಳಿಗೆ ಹದಿನೈದನೆಯ ಕಾರ್ಡು ಕೊಟ್ಟಿದ್ದೆ.

ತಂಗಿ ಎದ್ದು ಹೋಗಿ ಕಾರ್ಡನ್ನು ಹತ್ತಿರದಿಂದ ನೋಡಿದಳು. ಆಮೇಲೆ ಆ ಪುಸ್ತಕವನ್ನು ಕಪಾಟಿನಿಂದ ತೆಗೆದು, ಲೋಟದ ಪುಟ ಹುಡುಕಿ, ಕನ್ನಡಕ ಹಣೆಗೇರಿಸಿ ನೋಡಿದಳು. ತುಂಬ ಹೊತ್ತು ನೋಡಿದಳು. ತಿರುಗಿ ನನ್ನನ್ನು ನೋಡಿದಾಗ ನಾನು ತಲೆ ತಗ್ಗಿಸಿದೆ.

"ಇದು ನಂದಲ್ಲ ಮೇಡಂ" ಎಂದಳು. "ಈ ಪುಸ್ತಕ ನಾನಿನ್ನೂ ಓದೇ ಇಲ್ಲ. ಇದು ನಮ್ಮಣ್ಣ ಬರ್ದಿದ್ದು. ಹಲ್ಲಿನ ಸೆಟ್ಟಿನ ಅಂಚು ಬೇರೆ ಯಾರ ಕಣ್ಣಿಗೆ ಬೀಳುತ್ತೆ ಹೇಳಿ?"

"ಮತ್ತೆ ಹಸಿರು ಮಸಿ? ಅಕ್ಷರಾನೂ ನಿಮ್ಮದೇ ಥರ ಇದೆಯಲ್ಲ?"

"ಪೆನ್ನು ನಂದೇ. ಅವನೇ ತಗೊಂಡು ಹೋಗಿದ್ದ. ಅಕ್ಷರ ಏನು, ಅಣ್ಣ ತಂಗಿ ಅಲ್ವಾ, ಹೋಲುತ್ತೆ. ಅವನ ಹೆಸರಿಗೇ ಸೇರಿಸಿ."

ಒಬ್ಬನದು ಎರಡು ಅಭಿಪ್ರಾಯ ಹೇಗೆ ಎಂದು ಯಾರೂ ಕೇಳಲಿಲ್ಲ. ಚಪ್ಪಾಳೆ ಬಿತ್ತು. ಮೇಷ್ಟ್ರು ಬಂದು ನನ್ನ ಕೈ ಕುಲುಕಿದರು. ಕುರ್ಚಿ ನನ್ನದಾಯಿತು. ಅವಳು ನನ್ನ ಮಾನ ಕಾಪಾಡಿದ್ದಳು, ಅದೂ ಎಷ್ಟು ಸಲೀಸಾಗಿ! ಅದಕ್ಕೂ ನನಗೆ ಒಳಗೊಳಗೇ ಉರಿಯಿತು.

ಹೊರಗೆ ಮೆಟ್ಟಿಲಿಳಿಯುವಾಗ ಅವಳು ಏನಾದರೂ ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ.

"ಅಮ್ಮನ ಸೆಟ್ಟು ನೋಡಿದ್ದೆಯಾ ನೀನು?" ಎಂದಳು.

"ನೋಡಿದ್ದೆ. ಪಾಪ, ಯಾವುದರಲ್ಲಿ ಉಜ್ಜಿಕೊಂಡ್ಳೋ ಏನೋ. ನನಗೊಂದು ಮಾತು ಹೇಳಬಾರದಿತ್ತಾ?"

ತಂಗಿ ಎರಡು ಮೆಟ್ಟಿಲು ಇಳಿದು ನಿಂತಳು.

"ಅಮ್ಮ ಉಜ್ಜಿಲ್ಲ ಅಣ್ಣಾ. ನಾನು ಉಜ್ಜಿದ್ದು. ನಮ್ಮಂಗಡೀಲಿ ಫ್ರೇಮ್ ಉಜ್ಜೋ ಅರ ಇದೆಯಲ್ಲ, ಅದರಲ್ಲಿ. ಒತ್ತುತ್ತೆ ಅಂತ ಬಂದಿದ್ಲು. ಅಣ್ಣ ನೊಂದ್ಕೋತಾನೆ, ಅವನಿಗೆ ಹೇಳ್ಬೇಡ ಅಂದ್ಲು."

"ಒಂದೇ ಸಲಾನಾ?"

"ಮೂರು ಸಲ."

"ಆಮೇಲೆ?"

"ಆಮೇಲೆ ಚೆನ್ನಾಗಿ ಕೂತ್ಕೊಂಡ್ತು. ಕೊನೇವರೆಗೂ ಹಾಕ್ಕೊಂಡಿದ್ಲಲ್ಲ" ಎಂದು ಅವಳು ಹಸಿರು ಪೆನ್ನಿಗಾಗಿ ಕೈ ಚಾಚಿದಳು.

ಜೇಬಿನಿಂದ ತೆಗೆದು ಕೊಟ್ಟೆ. ಸಮಿತಿಯ ಕುರ್ಚಿ ನನಗೆ ಸಿಕ್ಕಿತ್ತು, ನಿಜ. ಆದರೆ ಅಮ್ಮ ನೋವು ಹೇಳಿಕೊಂಡದ್ದು ಅವಳ ಹತ್ತಿರ. ನಾನು ಮಾಡಿದ ಸೆಟ್ಟನ್ನು ಅಮ್ಮನ ಬಾಯಿಗೆ ಕೂರಿಸಿದವಳೂ ಅವಳೇ.