ಎವಾರಿಸ್ಟೊ ಕೂರುವ ಜಾಗ

ಸಕ್ಕರೆ ಕಾರ್ಖಾನೆಯ ಬೇಸ್‌ಬಾಲ್ ತಂಡಕ್ಕೆ ಎವಾರಿಸ್ಟೊ ಹದಿನಾಲ್ಕು ವರ್ಷ ಕ್ಯಾಚರ್. ಎದುರಾಳಿ ಬ್ಯಾಟುಗಾರನ ಬೆನ್ನ ಹಿಂದೆ ಕುಕ್ಕರಗಾಲಲ್ಲಿ ಕೂತು, ಚೆಂಡು ಹಿಡಿಯುತ್ತ, ಅವನ ಅತ್ತೆಮನೆ ಸುದ್ದಿ ಕೆದಕಿ ತಲೆ ಕೆಡಿಸುವುದೇ ಕಸುಬು. ಹಾಗೆ ಕೂತೆದ್ದು ಬ್ಯಾಟು ಹಿಡಿದನೋ, ಚೆಂಡು ಸೀದಾ ಕಬ್ಬಿನ ಗದ್ದೆಗೆ. ಈ ವರ್ಷ ಮಂಡಿ ಕೈಕೊಟ್ಟಿತು. "ನೀನು ಬರೀ ಬ್ಯಾಟು ಬೀಸು, ನಿನ್ನ ಜಾಗದಲ್ಲಿ ಕೂರೋದನ್ನ ಫ್ರೆಡಿನ್ ನೋಡ್ಕೋತಾನೆ" ಅಂದ ಮ್ಯಾನೇಜರ್ ಮೆಲಿಟೋನ್. ರಾಜಭೋಗ ಅಂತೀರಾ? ಬೆಂಚಿನ ಮೇಲೆ ಹುರಿದ ಬಾಳೆಕಾಯಿ ಮೆಲ್ಲುತ್ತ ಕೂತವನು ಹತ್ತೊಂಬತ್ತು ಸಲ ಬ್ಯಾಟು ಹಿಡಿದ. ಹತ್ತೊಂಬತ್ತು ಸಲವೂ ಸೊನ್ನೆ.

"ಇವತ್ತೂ ಹೊಡೀಲಿಲ್ಲ ಅಂದ್ರೆ ನಾಳೆಯಿಂದ ಬರಬೇಡ." ಮೆಲಿಟೋನ್ ಮುಖ ನೋಡದೆ ಹೇಳಿದ. ಈ ಆಟ ಬಿಟ್ಟರೆ ಪಾಪ, ಎವಾರಿಸ್ಟೊನಿಗೆ ಬೇರೇನೂ ಬರುತ್ತಿರಲಿಲ್ಲ.

ತಂಡ ಚೆಂಡು ಹಿಡಿಯಲು ಮೈದಾನಕ್ಕಿಳಿದಾಗಲೆಲ್ಲ ಅವನು ಮುಖವಾಡ, ಎದೆಗವಚ ಕಟ್ಟಿಕೊಂಡು ಬೆಂಚಿನ ಪಕ್ಕ ಕುಕ್ಕರಿಸಿದ. ಬಾರದ ಚೆಂಡು ಹಿಡಿದ. ನೀರಿನ ಡ್ರಮ್ಮನ್ನು ಛೇಡಿಸಿದ.

"ಏನಯ್ಯ, ತಲೆ ಕೆಟ್ಟಿದ್ಯಾ?" ಅಂದ ಮೆಲಿಟೋನ್.

"ಮಂಡಿ ಬಿಸಿಯಾದ್ರೇನೇ ಕೈ ಓಡೋದು, ಯಜಮಾನ್ರೇ."

ಕೊನೆಯ ಸರದಿಯ ಹೊತ್ತಿಗೆ ಮಂಡಿ ಬಿಸಿಯೇನೋ ಆಗಿತ್ತು, ಆದರೆ ಕೀಲು ಹಿಡಿದುಕೊಂಡುಬಿಟ್ಟಿತ್ತು. ಬಾತುಕೋಳಿಯಂತೆ ಕೂತುಕೂತೇ ನಡೆದುಹೋಗಿ, ಕೂತೇ ಬೀಸಿದ. ಚೆಂಡು ಗೋಡೆ ಹಾರಿತು.

ಗೋಡೆ ಹಾರಿದರೂ ಹೊಡೆದವನು ಮೈದಾನದ ನಾಲ್ಕು ಮೂಲೆ ತಾನೇ ಸುತ್ತಬೇಕು, ಯಾರೂ ಎತ್ತುವಂತಿಲ್ಲ. ಹದಿನೇಳು ನಿಮಿಷ ಕುಪ್ಪಳಿಸಿದ. ಅಂಪೈರ್ ಕುರ್ಚಿ ತರಿಸಿಕೊಂಡ. ಕಡೆಗೂ ಬ್ಯಾಟುಗಾರ ನಿಲ್ಲುವ ಕೊನೆಯ ಮೂಲೆ ಮುಟ್ಟಿ, ಅದರ ಹಿಂದೆ ತನ್ನ ಹಳೇ ಜಾಗದಲ್ಲೇ ಕೂತುಬಿಟ್ಟ. ಎದುರಾಳಿ ಕ್ಯಾಚರ್ ಗೊಣಗುತ್ತ ಪಕ್ಕಕ್ಕೆ ಸರಿದು ಕೂತ.

ಮುಂದಿನವನು ಔಟಾದ. ತಂಡ ಮತ್ತೆ ಮೈದಾನಕ್ಕಿಳಿಯಿತು. ಫ್ರೆಡಿನ್ ಮುಖವಾಡ ಹಿಡಿದು ಬಂದರೆ ಕೂರಲು ಜಾಗವೇ ಇಲ್ಲ.

"ಏಳೋ ಮಾರಾಯ," ಅಂದ ಮೆಲಿಟೋನ್. "ಹೊಡೆದಾಯ್ತಲ್ಲ, ನಿನ್ನ ತೆಗೆಯಲ್ಲ."

"ಏಳಲ್ಲ."

"ಮಂಡಿ ಹೋಯ್ತಾ?"

"ಮಂಡಿ ಯಾವತ್ತೋ ಹೋಗಿದೆ. ಎದ್ರೆ ಮತ್ತೆ ಆ ಬೆಂಚಿಗೆ ಹೋಗ್ಬೇಕಲ್ಲ." ಎವಾರಿಸ್ಟೊನ ಕಣ್ಣು ತುಂಬಿತ್ತು.

ಮೆಲಿಟೋನ್ ಫ್ರೆಡಿನ್ ಕೈಯಿಂದ ಮುಖವಾಡ ಕಸಿದು ಎವಾರಿಸ್ಟೊನ ತಲೆಗೆ ಸಿಕ್ಕಿಸಿದ.

ಆಟ ಮುಗಿದ ಮೇಲೆ ನಾಲ್ವರು ಅವನನ್ನು ಕೂತ ಭಂಗಿಯಲ್ಲೇ ಮನೆಗೆ ಹೊತ್ತು ತಂದರು. ಹೆಂಡತಿ ಬಾಗಿಲಲ್ಲೇ ಕೇಳಿದಳು, "ಗೆದ್ರಾ?"

"ಕೂತೆ ಕಣೇ," ಅಂದ ಎವಾರಿಸ್ಟೊ.